ಹಣಿಗೆಗುಡ್ಡದ ಮೇಲೆ ಬಿಳಿ ಕಲ್ಲಿನ ಸಾಲು

ಲೋಕ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದು ಅಂದರೆ, ಆಗತಾನೇ ಕಾವಲಿಯಿಂದ ಎಬ್ಬಿಸಿದ ದೋಸೆಯ ಹಾಗೆ ಅಂಚಿನಲ್ಲಿ ಇನ್ನೂ ಬಿಸಿ ಇತ್ತು. ಹೊಳೆಗಳಿಗೆ ಎಲ್ಲಿ ತಿರುಗಬೇಕು ಎಂದು ಗೊತ್ತಿರಲಿಲ್ಲ, ಕೇಳಿ ಕೇಳಿ ಮುಂದೆ ಹೋಗುತ್ತಿದ್ದವು. ಮರಗಳು ಯಾವ ಬಣ್ಣದ ಹೂ ಬಿಡುವುದೆಂದು ಯೋಚಿಸುತ್ತಾ ನಿಂತಿದ್ದವು. ಗುಡ್ಡಗಳಿಗೆ ಕಾಲಿತ್ತು. ಅವು ಮೂಡಣ ದಿಕ್ಕಿನಿಂದ ನಡೆದು ಬಂದು, ಎಲ್ಲಿ ಮನಸ್ಸಾಯಿತೋ ಅಲ್ಲಿ ಕೂತವು.

ನಗಬೇಡ ಪುಟ್ಟಿ. ನಾನು ನೋಡಿದ್ದಲ್ಲ, ನನ್ನ ಅಜ್ಜಿ ಹೇಳಿದ್ದು. ಅವಳೂ ನೋಡಿರಲಿಕ್ಕಿಲ್ಲ ಎಂದು ನನಗೆ ಮೊದಲಿನಿಂದಲೂ ಅನುಮಾನ. ಆದರೆ ಗುಡ್ಡ ಅಲ್ಲೇ ಇದೆ, ಕಲ್ಲು ಅಲ್ಲೇ ಇದೆ, ನೀರೂ ಅಲ್ಲೇ ಇದೆ. ಅಷ್ಟನ್ನು ಯಾರು ಬೇಕಾದರೂ ಹೋಗಿ ನೋಡಬಹುದು.

ಬೆಳಿಗ್ಗೆ ನೀನು ನೋಡಿದೆಯಲ್ಲ, ಬೆನ್ನಿಗೆ ಚೀಲ, ಕೈಯಲ್ಲಿ ಕೋಲು, ತಲೆಗೆ ಟೋಪಿ ಹಾಕಿಕೊಂಡು ಸಾಲಾಗಿ ಗುಡ್ಡ ಹತ್ತುವವರನ್ನು. ಸೌದೆಗೆ ಹೋಗುವುದಿಲ್ಲ, ಸೊಪ್ಪಿಗೆ ಹೋಗುವುದಿಲ್ಲ, ದನ ಹುಡುಕಲೂ ಹೋಗುವುದಿಲ್ಲ. ಸುಮ್ಮನೆ ಹತ್ತುತ್ತಾರೆ, ಇಳಿಯುತ್ತಾರೆ. ಮೊದಮೊದಲು ನನಗೂ ಅವರ ಮೇಲೆ ಅನುಮಾನವೇ. ಮೇಲೆ ಏನೋ ಹೂತಿಟ್ಟಿರಬೇಕು ಅಂದುಕೊಂಡಿದ್ದೆ. ಅವರು ಯಾಕೆ ಹತ್ತುತ್ತಾರೆ ಎಂದು ನೀನು ಕೇಳಿದೆ. ಹೇಳುತ್ತೇನೆ, ಆದರೆ ಗುಡ್ಡ ಕೂತಲ್ಲಿಂದಲೇ ಹೇಳಬೇಕು.

ಎಲ್ಲ ಗುಡ್ಡಗಳೂ ಕಡಲಿನಿಂದ ಒಂದಿಷ್ಟು ದೂರದಲ್ಲಿ ಕೂತವು. ಒಂದು ಗುಡ್ಡ ಮಾತ್ರ ಎಲ್ಲರನ್ನೂ ದಾಟಿ ಮುಂದೆ ಬಂತು. ಬಂದು, ಕಡಲಿಗೆ ಪಾದ ತಾಗುವ ಹಾಗೆ ಕೂತಿತು.

ಆಗ ಅದರ ಹೆಸರು ಬೋಳುಗುಡ್ಡ. ಮೈಯಲ್ಲಿ ಒಂದು ಚೂಪು ಕಲ್ಲು ಇರಲಿಲ್ಲ. ಕವುಚಿ ಹಾಕಿದ ಗಡಿಗೆಯ ಹಾಗೆ ನುಣ್ಣಗೆ, ದುಂಡಗೆ ಇತ್ತು. ಮೈತುಂಬಾ ಎಳೆ ಹುಲ್ಲು. ನೆತ್ತಿಯಲ್ಲಿ ಒಂದು ಒರತೆ, ಅದರ ನೀರು ಸಿಹಿ. ಆ ಕಾಲದಲ್ಲಿ ಗುಡ್ಡಗಳು ಮನಸ್ಸಿನಲ್ಲಿ ಏನು ನೆನೆದರೂ ಅದು ಮೈಮೇಲೆ ಕಾಣುತ್ತಿತ್ತು. ಖುಷಿಯಾದರೆ ಹುಲ್ಲು ಬರುತ್ತಿತ್ತು, ನಗು ಬಂದರೆ ಹೂ ಅರಳುತ್ತಿತ್ತು.

ಬೋಳುಗುಡ್ಡಕ್ಕೆ ಒಂದು ಒಳ್ಳೆಯ ಅಭ್ಯಾಸವಿತ್ತು. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಆಸರಿಗೆ ಕೊಡುತ್ತೇವಲ್ಲ, ಹಾಗೆ. ಆಸರು ಅಂದರೆ ಬಾಯಾರಿಕೆ. ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ. ಕುಡಿದ ಮೇಲೆಯೇ ಯಾವ ಊರು, ಯಾರ ಮನೆ, ಬಂದ ಕೆಲಸ ಏನು ಎಂದು ಕೇಳುವುದು. ಗುಡ್ಡವೂ ಹಾಗೇ ಮಾಡುತ್ತಿತ್ತು. ಕಡವೆ ಬಂದರೂ ಮೊದಲು ನೀರು, ಕಾಗೆ ಬಂದರೂ ಮೊದಲು ನೀರು. ಮಾತು ಆಮೇಲೆ.

ಹೀಗೆ ಸುಖವಾಗಿದ್ದ ಗುಡ್ಡದ ತಲೆಗೆ ಹುಳ ಬಿಟ್ಟಿದ್ದು ಗಾಳಿ.

ಕರಾವಳಿಯ ಗಾಳಿ ನಿನಗೆ ಗೊತ್ತಲ್ಲ. ಬಿಸಿಲೇರಿದ ಮೇಲೆ ಕಡಲಿನಿಂದ ಗುಡ್ಡಕ್ಕೆ ಬರುತ್ತದೆ, ಬಿಸಿಲಿಳಿದ ಮೇಲೆ ಗುಡ್ಡದಿಂದ ಕಡಲಿಗೆ ಹೋಗುತ್ತದೆ. ಎರಡೂ ಮನೆಯ ಊಟ. ಇಲ್ಲಿಯ ಮಾತು ಅಲ್ಲಿಗೆ, ಅಲ್ಲಿಯ ಮಾತು ಇಲ್ಲಿಗೆ.

ಒಂದು ದಿನ ಕಡಲು ಗಾಳಿಯ ಹತ್ತಿರ ಹೇಳಿತು: "ಈ ಗುಡ್ಡ ನೋಡ್ಲಿಕ್ಕೆ ಚಂದ. ಅದರ ಕಾಲ ಹತ್ರ ಸ್ವಲ್ಪ ಮಲಗಿದ್ರೆ ದಣಿವೆಲ್ಲ ಹೋಗ್ತದೆ."

ಗಾಳಿ ಗುಡ್ಡಕ್ಕೆ ಬಂದು, ನೀರು ಕುಡಿದು, ಬಾಯಿ ಒರೆಸಿಕೊಂಡು ಹೇಳಿತು: "ಕಡಲು ನಿನ್ನನ್ನ ಚಂದ ಅಂತು. ಎಂತಕ್ಕೆ ಹಾಗೆ ಹೇಳ್ತೋ. ನಾ ಕೇಳಿದ್ದು ಹೇಳಿದೆ ಅಷ್ಟೇ, ನನ್ನ ಹೆಸರು ತರಬೇಡ."

ಗುಡ್ಡ ಯೋಚಿಸಿತು. ಹೌದಲ್ಲ, ಯಾಕೆ ಹೇಳಿತು? ದಿನಕ್ಕೆ ಎರಡು ಸಲ ಕಡಲು ನನ್ನ ಕಾಲಬುಡಕ್ಕೆ ಬರುತ್ತದೆ. ಯಾಕೆ ಬರುತ್ತದೆ? ಬರುವುದು ಸರಿ, ಹೋಗುವಾಗ ಮರಳು ಎಳೆದುಕೊಂಡು ಹೋಗುತ್ತದೆ. ಆ ಮರಳು ಯಾರದು?

ಅನುಮಾನ ಬಂತು. ಗುಡ್ಡದ ಬೆನ್ನಿನಲ್ಲಿ ಒಂದು ಕಲ್ಲು ಎದ್ದು ನಿಂತಿತು.

ಮಾರನೆಯ ದಿನ ಗಾಳಿ ಮತ್ತೆ ಬಂತು. "ಕಡಲಿಗೆ ಹಸಿವು ಜಾಸ್ತಿ ಅಂತಾರಪ್ಪ. ತೆಂಕಣ ದಿಕ್ಕಲ್ಲಿ ಒಂದು ದಿಬ್ಬವನ್ನೇ ನುಂಗ್ತಂತೆ. ನನಗೆ ಗೊತ್ತಿಲ್ಲ. ನಾ ಕೇಳಿದ್ದು ಹೇಳಿದೆ ಅಷ್ಟೇ."

ಮತ್ತೆ ಅನುಮಾನ ಬಂತು. ಮತ್ತೊಂದು ಕಲ್ಲು ಎದ್ದು ನಿಂತಿತು.

ಇನ್ನು ಸುಬ್ಬಿಯ ವಿಷಯ.

ಗುಡ್ಡದ ಬಡಗು ಬದಿಗೆ, ಕಡಲಿಗೆ ತಾಗಿದ ಬಯಲಿನಲ್ಲಿ, ಉಪ್ಪು ತೆಗೆಯುವವರ ಕೇರಿ ಇತ್ತು. ಕಡಲ ನೀರನ್ನು ಪಾತಿಗೆ ಬಿಟ್ಟು, ಬಿಸಿಲಿಗೆ ಒಣಗಿಸಿ, ಹಲಗೆಯಿಂದ ಎಳೆದು ಬಿಳಿ ಉಪ್ಪಿನ ರಾಶಿ ಹಾಕುವುದು ಅವರ ಕೆಲಸ. ಸುಬ್ಬಿ ಆ ಕೇರಿಯ ಸೊಸೆ. ಗಟ್ಟಿ ಕಾಲು, ಗಟ್ಟಿ ಕುತ್ತಿಗೆ, ಸ್ವಲ್ಪ ಅವಸರದ ಬುದ್ಧಿ. ಗಂಡ ದೋಣಿಯ ಜೊತೆ ದೂರದ ಬಂದರಿಗೆ ಹೋಗಿದ್ದ. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ ಮಾಸ್ತಕ್ಕ.

ಉಪ್ಪಿನ ನೆಲದಲ್ಲಿ ಭತ್ತ ಬೆಳೆಯುವುದಿಲ್ಲ. ಉಪ್ಪು ತಿಂದುಕೊಂಡು ಬದುಕಲೂ ಆಗುವುದಿಲ್ಲ. ಗುಡ್ಡದ ಆಚೆ ಹೆಬ್ಬೈಲು ಎಂಬ ಊರು. ಅಲ್ಲಿ ಗದ್ದೆ ಇದೆ, ಅಕ್ಕಿ ಇದೆ, ಉಪ್ಪು ಇಲ್ಲ. ಅದಕ್ಕೆ ಪ್ರತಿ ವರ್ಷ ಮಳೆ ಬೀಳುವ ಮೊದಲು ಸುಬ್ಬಿ ಒಂದು ಬುಟ್ಟಿ ಉಪ್ಪು ಹೊತ್ತು ಗುಡ್ಡ ದಾಟುತ್ತಿದ್ದಳು. ಹೆಬ್ಬೈಲಿನ ಬೊಮ್ಮಕ್ಕನ ಮನೆಯಲ್ಲಿ ಉಪ್ಪು ಇಳಿಸಿ, ಅದೇ ಬುಟ್ಟಿಯಲ್ಲಿ ಅಕ್ಕಿ ತುಂಬಿಸಿಕೊಂಡು ಬರುತ್ತಿದ್ದಳು. ಆ ಅಕ್ಕಿಯಲ್ಲಿ ಇಬ್ಬರ ಮಳೆಗಾಲ ಕಳೆಯಬೇಕು. ಮಳೆ ಹಿಡಿದರೆ ಮುಗಿಯಿತು, ತಲೆಯ ಮೇಲಿನ ಉಪ್ಪೆಲ್ಲ ನೀರಾಗಿ ಮೈಮೇಲೆ ಇಳಿಯುತ್ತದೆ.

ಆ ವರ್ಷ ಮೋಡ ಬೇಗ ಕಾಣಿಸಿಕೊಂಡಿತು.

ಹೊಸ ಉಪ್ಪನ್ನು ತೆಗೆದ ಕೂಡಲೇ ಹೊರುವುದಿಲ್ಲ, ಪುಟ್ಟಿ. ಮೂರು ದಿನ ರಾಶಿ ಹಾಕಿ ಬಿಡಬೇಕು. ಅದರೊಳಗಿನ ಕಡಲ ನೀರೆಲ್ಲ ಸೋರಿ ಹೋಗಬೇಕು. ಉಪ್ಪಿನ ಕೇರಿಯ ಸಣ್ಣ ಮಕ್ಕಳಿಗೂ ಇದು ಗೊತ್ತು. ಸುಬ್ಬಿಗೂ ಗೊತ್ತಿತ್ತು. ಆದರೆ ಮೋಡ ನೋಡಿ ಅವಳಿಗೆ ಜೀವ ನಿಲ್ಲಲಿಲ್ಲ. ಬೆಳಿಗ್ಗೆ ಎಳೆದ ಹಸಿ ಉಪ್ಪನ್ನು ಹಾಗೇ ಬುಟ್ಟಿಗೆ ತುಂಬಿ, ತಲೆಗೆ ಸಿಂಬೆ ಇಟ್ಟು, ಹೊತ್ತು ಹೊರಟೇಬಿಟ್ಟಳು.

ಗುಡ್ಡ ಹತ್ತುತ್ತಾ ಹೋದಳು. ಬುಟ್ಟಿಯಿಂದ ತೊಟ್ಟು ತೊಟ್ಟಾಗಿ ನೀರು ಗುಡ್ಡದ ಬೆನ್ನಿನ ಮೇಲೆ ಬೀಳುತ್ತಾ ಹೋಯಿತು.

ಗುಡ್ಡ ಒಂದು ತೊಟ್ಟು ನೆಕ್ಕಿ ನೋಡಿತು. ಉಪ್ಪು. ಇನ್ನೊಂದು ತೊಟ್ಟು. ಅದೂ ಉಪ್ಪು. ಕಡಲಿನ ರುಚಿ.

ಗಾಳಿ ಅಲ್ಲೇ ಸುಳಿಯುತ್ತಿತ್ತು. "ನಾ ಎಂತ ಹೇಳುದಿಲ್ಲ," ಅಂದಿತು. ಸ್ವಲ್ಪ ಹೊತ್ತು ಬಿಟ್ಟು, "ಕೆಳಗಿಂದ ಬರ್ಲಿಕ್ಕೆ ಆಗ್ಲಿಲ್ಲ ಅಂತ ಈಗ ಬುಟ್ಟಿಯಲ್ಲಿ ಕೂತು ಮೇಲೆ ಬರ್ತಾ ಉಂಟಾ ಅಂತ," ಎಂದು ಸೇರಿಸಿತು.

ಅದುವರೆಗೆ ಗುಡ್ಡ ಯಾರಿಗೂ ಮಾಡದ ಕೆಲಸ ಅಂದು ಮಾಡಿತು. ಒರತೆಯ ನೀರನ್ನು ಸರಕ್ಕನೆ ಹೊಟ್ಟೆಯೊಳಗೆ ಎಳೆದುಕೊಂಡಿತು. ಎಳೆದುಕೊಂಡು, ಆಸರಿಗೆ ಕೊಡುವ ಮೊದಲೇ ಕೇಳಿತು: "ಯಾರು?"

ಸುಬ್ಬಿ ಬೆಚ್ಚಿದಳು. "ನಾನು ಗುಡ್ಡಜ್ಜ. ಸುಬ್ಬಿ. ವರ್ಷವೂ ಬರ್ತೇನಲ್ಲ."

"ಬುಟ್ಟಿಯಲ್ಲಿ ಎಂತ?"

"ಉಪ್ಪು."

"ಎಲ್ಲಿಂದ ಬಂತು?"

"ಇನ್ನೆಲ್ಲಿಂದ ಬರ್ತದೆ? ಕಡಲಿಂದ."

"ಯಾರು ಕಳಿಸಿದ್ದು ನಿನ್ನನ್ನ?"

ಇದಕ್ಕೆ ಏನು ಹೇಳಬೇಕೆಂದು ಸುಬ್ಬಿಗೆ ತಿಳಿಯಲಿಲ್ಲ. ಅವಳನ್ನು ಯಾರೂ ಕಳಿಸಿರಲಿಲ್ಲ. ಅವಳು ಸುಮ್ಮನಾದದ್ದನ್ನು ಕಂಡು ಗುಡ್ಡಕ್ಕೆ ಇನ್ನೂ ಅನುಮಾನ ಬಂತು. ಒಂದೊಂದು ಪ್ರಶ್ನೆಗೂ ಒಂದೊಂದು ಕಲ್ಲು ಎದ್ದು ನಿಂತಿತು. ನುಣ್ಣಗಿದ್ದ ದಾರಿಯಲ್ಲಿ ಹಲ್ಲು ಬಂದ ಹಾಗಾಯಿತು. ಒರತೆಗೆ ಹೋಗಿ ನೋಡಿದರೆ ಬರೀ ಒದ್ದೆ ಮಣ್ಣು. ಗಂಟಲು ಒಣಗಿ, ಕಾಲು ತರಚಿ, ಸುಬ್ಬಿ ಬುಟ್ಟಿ ಹೊತ್ತು ಬಂದ ದಾರಿಯಲ್ಲೇ ಹಿಂದೆ ಬಂದಳು.

ಎರಡನೆಯ ದಿನ ಮತ್ತೆ ಹೊರಟಳು. ಮತ್ತೆ ಬುಟ್ಟಿ ಸೋರಿತು. ಮತ್ತೆ ಗುಡ್ಡ ಕೇಳಿತು: "ಯಾರು? ಎಂತ? ಯಾರು ಕಳಿಸಿದ್ದು?" ಮತ್ತೆ ಕಲ್ಲುಗಳು ಎದ್ದವು. ಈ ಸಲ ಎರಡು ಕಲ್ಲಿನ ನಡುವೆ ಬುಟ್ಟಿಯೇ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಒಂದಿಷ್ಟು ಉಪ್ಪು ಚೆಲ್ಲಿ ಹೋಯಿತು. ಸುಬ್ಬಿಗೆ ಅಳು ಬಂತು. ಅತ್ತುಕೊಂಡೇ ಇಳಿದಳು.

ಅನುಮಾನ ಎಂಬುದು ನೆಗಡಿಯ ಹಾಗೆ ಮಗಾ, ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲ ಹತ್ತಿಕೊಳ್ಳುತ್ತದೆ.

ಮನೆಯಲ್ಲಿ ಮಾಸ್ತಕ್ಕ ಸೊಸೆಯನ್ನು ಓರೆಗಣ್ಣಿನಿಂದ ನೋಡಿದಳು. "ಇಷ್ಟು ವರ್ಷ ಇಲ್ಲದ ಕಲ್ಲು ಈಗ ಎಲ್ಲಿಂದ ಬಂತು? ಹೋದೆಯಾ, ಅಥವಾ ಎಲ್ಲಾದ್ರೂ ನೆರಳಲ್ಲಿ ಕೂತು ಬಂದೆಯಾ?"

ಗುಡ್ಡದ ಆಚೆ ಹೆಬ್ಬೈಲಿನಲ್ಲಿ ಬೊಮ್ಮಕ್ಕ ಉಪ್ಪಿಲ್ಲದ ಗಂಜಿ ಕುಡಿದು ಗೊಣಗಿದಳು. "ಉಪ್ಪಿನವರು ಬೇಕಂತಲೇ ಮಾಡ್ತಾ ಇದ್ದಾರೆ. ನಮ್ಮನ್ನ ಕಾಯಿಸಿ ಜಾಸ್ತಿ ಅಕ್ಕಿ ಕೇಳ್ಲಿಕ್ಕೆ." ಈ ಮಾತನ್ನೂ ಗಾಳಿ ಹೊತ್ತು ಈಚೆಗೆ ತಂದಿತು. ಅದಕ್ಕೆ ಹೊರೆ ಎಂದರೆ ಬೇಸರವೇ ಇಲ್ಲ.

ಮಾಸ್ತಕ್ಕ ಬೈಯುತ್ತಾ ಬೈಯುತ್ತಾ ಬುಟ್ಟಿ ಎತ್ತಿಡಲು ಹೋದವಳು ಅದರ ತಳ ಮುಟ್ಟಿ ನೋಡಿದಳು. ಕೈ ಒದ್ದೆಯಾಯಿತು.

"ಸುಬ್ಬಿ, ಉಪ್ಪು ಸೋರ್ಲಿಕ್ಕೆ ಬಿಡ್ಲಿಲ್ವಾ ನೀನು?"

ಸುಬ್ಬಿ ತಲೆ ತಗ್ಗಿಸಿದಳು. "ಮೋಡ ಕಂಡಿತ್ತಲ್ಲ ಅತ್ತೆ. ಅವಸರ ಆಯ್ತು."

"ದಾರಿ ಉದ್ದಕ್ಕೂ ಕಡಲ ನೀರು ಸುರಿಸ್ಕೊಂಡು ಹೋಗಿದ್ದೀಯೆ. ಆ ಗುಡ್ಡಕ್ಕೋ ಕಡಲು ಅಂದ್ರೆ ಆಗುದಿಲ್ಲ ಅಂತ ಗಾಳಿ ಊರಿಗೆಲ್ಲ ಹೇಳ್ಕೊಂಡು ಬರ್ತಾ ಉಂಟು. ಅದು ಸಿಟ್ಟಾಗದೆ ಇರ್ತದಾ?"

ಆಗ ಸುಬ್ಬಿಗೆ ಅರ್ಥವಾಯಿತು. ತಪ್ಪು ತನ್ನದು. ಇನ್ನು ಮೂರು ದಿನ ಉಪ್ಪನ್ನು ರಾಶಿ ಹಾಕಿ ಬಿಡಲೇಬೇಕು. ಮಡಕೆಯ ತಳದಲ್ಲಿ ಅಕ್ಕಿ ಮೂರು ದಿನದ ಗಂಜಿಗೆ ಮಾತ್ರ ಇತ್ತು. ಮೋಡ ದಿನದಿಂದ ದಿನಕ್ಕೆ ಕಪ್ಪಾಗುತ್ತಿತ್ತು.

ಇದು ಸಾಲದು ಎಂಬಂತೆ ಕೇರಿಯ ಬಾವಿಯ ನೀರು ಇಳಿಯತೊಡಗಿತು. ಆ ಬಾವಿ ಇದ್ದದ್ದು ಗುಡ್ಡದ ಕಾಲಬುಡದಲ್ಲಿ, ಭರತದ, ಅಂದರೆ ಉಬ್ಬರದ, ನೀರು ಬಂದು ನಿಲ್ಲುವ ಜಾಗದಿಂದ ಇಪ್ಪತ್ತೇ ಹೆಜ್ಜೆ ಈಚೆಗೆ. ಅಷ್ಟು ಹತ್ತಿರವಿದ್ದರೂ ಅದರ ನೀರು ಸಿಹಿ. ಎಂದೂ ಬತ್ತದ ಬಾವಿ ಅದು. ಈಗ ಹಗ್ಗ ಎಷ್ಟು ಬಿಟ್ಟರೂ ಕೊಡ ಕಲ್ಲಿಗೆ ತಾಗಿ ಖಣಖಣ ಅನ್ನುತ್ತಿತ್ತು. ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಬೆಳಿಗ್ಗೆ ಬೇಗ ಎದ್ದು ಎಲ್ಲ ನೀರು ಸೇದಿಕೊಳ್ಳುತ್ತಿದ್ದಾರೆ ಎಂದು ಪ್ರತಿಯೊಬ್ಬರಿಗೂ ಅನುಮಾನ.

ಗುಡ್ಡವಾದರೂ ಸುಖವಾಗಿತ್ತೇ? ಅದೂ ಇಲ್ಲ. ಬಚ್ಚಿಟ್ಟ ನೀರು ಹೊಟ್ಟೆಯಲ್ಲಿ ಗುಡುಗುಡು ಅನ್ನುತ್ತಿತ್ತು. ಹೊರಗೆ ಹುಲ್ಲು ಒಣಗಿತು. ಕಡವೆ ಬಂದು ನೋಡಿ ಹೋಯಿತು, ಮತ್ತೆ ಬರಲಿಲ್ಲ. ಕಾಗೆ ಬಂದು ಬೈದು ಹೋಯಿತು. ಯಾರೂ ಬಾರದಿದ್ದರೆ ನೆಮ್ಮದಿ ಎಂದುಕೊಂಡಿದ್ದ ಗುಡ್ಡ, ಯಾರೂ ಬಾರದೆ ಹೋದಾಗ ಮತ್ತೆ ಅನುಮಾನಪಟ್ಟಿತು. ಎಲ್ಲರೂ ಸೇರಿ ಎಲ್ಲಿ ಏನು ಮಾತಾಡುತ್ತಿದ್ದಾರೆ?

ಇನ್ನೊಂದು ಕಲ್ಲು ಎದ್ದು ನಿಂತಿತು. ಅಷ್ಟು ಹೊತ್ತಿಗೆ ಅದರ ಬೆನ್ನು ದೂರದಿಂದ ನೋಡಿದರೆ ಹಣಿಗೆಯ ಹಲ್ಲಿನ ಹಾಗೆ ಕಾಣುತ್ತಿತ್ತು.

ಮೂರು ದಿನ ಕಳೆಯಿತು. ಉಪ್ಪು ಸೋರಿ ಒಣಗಿ, ಮುಟ್ಟಿದರೆ ಗರಗರ ಎನ್ನುವಂತಾಯಿತು. ಮಡಕೆಯ ಅಕ್ಕಿ ಮುಗಿಯಿತು. ಸುಬ್ಬಿ ಬುಟ್ಟಿಗೆ ಉಪ್ಪು ತುಂಬಿ, ಮೇಲೆ ಎಲೆ ಮುಚ್ಚಿ ಕಟ್ಟಿದಳು. ಮಾಸ್ತಕ್ಕ ಬಾವಿಯ ತಳದಿಂದ ಕೆರೆದು ಕೆರೆದು ತೆಗೆದ ನೀರನ್ನು ಒಂದು ಸೋರೆಬುರುಡೆಗೆ ತುಂಬಿ ಸೊಸೆಯ ಸೊಂಟಕ್ಕೆ ಕಟ್ಟಿದಳು.

"ಇದ್ದದ್ದು ಇಷ್ಟೇ," ಅಂದಳು. "ಜಾಗ್ರತೆ."

ಮೂರನೆಯ ಸಲ ಸುಬ್ಬಿ ಗುಡ್ಡ ಹತ್ತಿದಳು. ಹತ್ತಿದಳು ಅಂದರೆ ನಡೆದಳು ಅಂತಲ್ಲ. ಕಲ್ಲು ಹಿಡಿದು, ಕಲ್ಲು ತಬ್ಬಿ, ಬುಟ್ಟಿಯನ್ನು ಒಂದು ಕೈಯಲ್ಲಿ ಅಮುಕಿ ಹಿಡಿದು, ಮಂಡಿ ಊರಿ ಊರಿ ನೆತ್ತಿಗೆ ಬಂದಳು. ಒರತೆಯಿದ್ದ ಜಾಗ ಒಣಗಿ ಬಿರಿದಿತ್ತು. ಕಡಲಿನ ಮೇಲೆ ಮೋಡ ಮಡಕೆಯ ಮಸಿಯ ಹಾಗೆ ದಟ್ಟವಾಗಿತ್ತು.

"ಯಾರು?" ಎಂದಿತು ಗುಡ್ಡ.

ಸುಬ್ಬಿ ಬುಟ್ಟಿ ಇಳಿಸಿದಳು.

"ಬುಟ್ಟಿಯಲ್ಲಿ ಎಂತ?"

ಸುಬ್ಬಿ ಸೊಂಟದ ಸೋರೆಬುರುಡೆ ಬಿಚ್ಚಿದಳು. ಚೆನ್ನಾಗಿ ಬೈಯಬೇಕೆಂದೇ ಬಂದಿದ್ದಳು. ಆದರೆ ತನ್ನ ಕಾಲ ಕೆಳಗಿನ ಹುಲ್ಲು ಸುಟ್ಟ ಹಾಗೆ ಒಣಗಿದ್ದನ್ನು ನೋಡಿ ಅವಳ ಮನಸ್ಸು ಕರಗಿತು. ಪ್ರತಿ ವರ್ಷ ತಾನು ಕೂತು ಕಾಲು ಚಾಚಿದ ಹುಲ್ಲು ಅದು.

ಬುರುಡೆಯ ಅರ್ಧ ನೀರನ್ನು ಅವಳು ಒರತೆಯ ಬಿರುಕಿಗೆ ಹೊಯ್ದಳು. "ಆಸರಾಗಿರ್ಬೇಕು ಗುಡ್ಡಜ್ಜ. ಮೊದಲು ಕುಡಿ. ಮಾತು ಆಮೇಲೆ."

ಇಷ್ಟು ಕಾಲ ಎಲ್ಲರಿಗೂ ಆಸರಿಗೆ ಕೊಟ್ಟದ್ದು ಗುಡ್ಡ. ಅದಕ್ಕೆ ಯಾರೂ ಕೊಟ್ಟಿರಲಿಲ್ಲ. ಆದರೂ ಹಾಳು ಅನುಮಾನ ಅಷ್ಟು ಬೇಗ ಬಿಡುತ್ತದೆಯೇ?

"ಇದರಲ್ಲಿ ಉಪ್ಪು ಉಂಟಾ?"

"ಕುಡಿದು ನೋಡು."

ಗುಡ್ಡ ಇಷ್ಟೇ ಇಷ್ಟು ನೆಕ್ಕಿತು. ಸಿಹಿ. ಮತ್ತೆ ನೆಕ್ಕಿತು. ಗುರುತಿನ ರುಚಿ.

"ಇದು ಎಲ್ಲಿಯ ನೀರು?"

"ನಿನ್ನದೇ. ನಿನ್ನ ಕಾಲಬುಡದ ಬಾವಿಯದ್ದು. ಕಡಲಿಂದ ಇಪ್ಪತ್ತೇ ಹೆಜ್ಜೆ ಅದು. ದಿನಕ್ಕೆ ಎರಡು ಸಲ ಕಡಲು ಅದರ ಹತ್ತಿರ ಬಂದು ಹೋಗ್ತದೆ. ಒಂದು ದಿನಾನೂ ಅದಕ್ಕೆ ಬಾಯಿ ಹಾಕ್ಲಿಲ್ಲ. ಕದಿಯುವ ಬುದ್ಧಿ ಇದ್ದಿದ್ರೆ ಬಿಡ್ತಿತ್ತಾ?"

ಗುಡ್ಡ ಬಗ್ಗಿ ತನ್ನ ಕಾಲಬುಡ ನೋಡಿತು. ಆಗ ಭರತದ ಹೊತ್ತು. ಕಡಲು ಮೆಲ್ಲಗೆ ಬಂದಿತು, ಬಾವಿಕಟ್ಟೆಯಿಂದ ಆಚೆ ಇಪ್ಪತ್ತು ಹೆಜ್ಜೆಗೆ ನಿಂತಿತು, ಸ್ವಲ್ಪ ಹೊತ್ತು ಮಲಗಿತು, ಎದ್ದು ಹೋಯಿತು. ಮರಳು ಎಳೆದುಕೊಂಡು ಹೋಯಿತು, ನಿಜ. ಆದರೆ ಬರುವಾಗ ಅಷ್ಟೇ ಮರಳು ತಂದಿತ್ತು. ಇಷ್ಟು ಕಾಲದಲ್ಲಿ ಗುಡ್ಡ ಅದು ಹೋಗುವುದನ್ನು ಮಾತ್ರ ನೋಡಿತ್ತು.

"ಹಾಗಾದ್ರೆ ಬಾವಿ ಬತ್ತಿದ್ದು ಯಾರಿಂದ?" ಎಂದು ಗುಡ್ಡ ಕೇಳಿತು. ಕೇಳುವಾಗ ಅದರ ದನಿ ಸಣ್ಣದಾಗಿತ್ತು.

ಗುಡ್ಡದ ಹೊಟ್ಟೆಯೊಳಗೆ ನೀರು ಗುಡುಗುಡು ಎಂದಿತು. ಅದೇ ಉತ್ತರ.

ಗುಡ್ಡಕ್ಕೆ ನಾಚಿಕೆಯಾಯಿತು, ಪುಟ್ಟಿ. ಕಳ್ಳನನ್ನು ಹುಡುಕುತ್ತಾ ಕೂತವನಿಗೆ ಕದ್ದ ಮಾಲು ತನ್ನ ಹೊಟ್ಟೆಯಲ್ಲೇ ಸಿಕ್ಕಿದರೆ ಹೇಗಾಗಬೇಡ. ಅದು ಬಿಗಿಹಿಡಿದ ಉಸಿರು ಬಿಟ್ಟಿತು. ಒರತೆಯ ಬಿರುಕಿನಿಂದ ನೀರು ಬುಳಬುಳ ಎಂದು ಮೇಲೆ ಬಂತು. ಸುಬ್ಬಿ ಬೊಗಸೆ ತುಂಬಾ ಕುಡಿದಳು, ಮುಖಕ್ಕೆ ಹೊಯ್ದುಕೊಂಡಳು, ಬುರುಡೆ ತುಂಬಿಸಿಕೊಂಡಳು.

"ಉಪ್ಪು ಸೋರಿಸ್ಕೊಂಡು ಬಂದದ್ದು ನನ್ನ ತಪ್ಪು," ಅಂದಳು. "ಅವಸರ ಮಾಡಿದೆ."

"ಕೇಳದೆ ಸಿಟ್ಟಾದದ್ದು ನನ್ನ ತಪ್ಪು," ಅಂದಿತು ಗುಡ್ಡ. ಆಮೇಲೆ ಕಲ್ಲುಗಳ ಕಡೆ ತಿರುಗಿ, "ಕೂತ್ಕೊಳ್ಳಿ, ಸಾಕು," ಎಂದಿತು.

ಕಲ್ಲುಗಳು ಕೂರಲಿಲ್ಲ. ಗುಡ್ಡ ಗದರಿಸಿತು, ಬೇಡಿಕೊಂಡಿತು. ಅವುಗಳಿಗೆ ಆಗಲೇ ಬೇರು ಇಳಿದಿತ್ತು. ಒಂದು ಕಲ್ಲೂ ಅಲುಗಲಿಲ್ಲ. ಗುಡ್ಡ ಸುಬ್ಬಿಯ ಮುಖ ನೋಡಲಾರದೆ ಹೇಳಿತು: "ಎಬ್ಬಿಸ್ಲಿಕ್ಕೆ ಗೊತ್ತಾಯ್ತು, ಕೂರಿಸ್ಲಿಕ್ಕೆ ಗೊತ್ತಾಗುದಿಲ್ಲ."

ಸುಬ್ಬಿ ಮೋಡ ನೋಡಿದಳು. "ನಾನು ಹೇಗಾದ್ರೂ ಇಳೀತೇನೆ. ಆದ್ರೆ ಅಕ್ಕಿ ಹೊತ್ತು ಹಿಂದೆ ಬರುವಾಗ ಮಳೆ ಇರ್ತದೆ, ಮಂಜು ಇರ್ತದೆ. ಈ ಹಲ್ಲುಗಳ ನಡುವೆ ದಾರಿ ಹೇಗೆ ಸಿಗ್ತದೆ? ಅಲ್ಲಿ ಮನೆಯಲ್ಲಿ ಅತ್ತೆ ಒಬ್ಬಳೇ. ಒಲೆ ಹಚ್ಚಿಲ್ಲ."

ಗುಡ್ಡ ಕೇಳಿತು: "ನಿನ್ನ ಉಪ್ಪನ್ನ ಹೆಜ್ಜೆಗೊಂದು ಚಿಟಿಕೆ ನನ್ನ ಬೆನ್ನ ಮೇಲೆ ಹಾಕ್ತಾ ಹೋಗ್ತೀಯಾ? ಬಿಳಿ ಬಣ್ಣ. ದಾರಿ ಕಾಣ್ತದೆ."

ಈಗ ಅನುಮಾನ ಬಂದದ್ದು ಸುಬ್ಬಿಗೆ. ಮಳೆಗೆ ಉಪ್ಪು ನಿಲ್ಲುತ್ತದೆಯೇ? ಮೊದಲ ಹನಿಗೇ ಕರಗುತ್ತದೆ. ಹೆಜ್ಜೆಗೊಂದು ಚಿಟಿಕೆ ಹಾಕಿದರೆ ಊರು ಸೇರುವ ಹೊತ್ತಿಗೆ ಬುಟ್ಟಿ ಅರ್ಧ. ಅರ್ಧ ಉಪ್ಪಿಗೆ ಅರ್ಧ ಅಕ್ಕಿ. ಅರ್ಧ ಅಕ್ಕಿಗೆ ಅರ್ಧ ಮಳೆಗಾಲ. ಗುಡ್ಡ ಇನ್ನೂ ಮನಸ್ಸಿನಲ್ಲಿ ಏನೋ ಇಟ್ಟುಕೊಂಡಿದೆಯೇ? ಎರಡು ಸಲ ತನ್ನನ್ನು ಅಟ್ಟಿದ್ದು ಇದೇ ಗುಡ್ಡ ಅಲ್ಲವೇ?

"ಕರಗಿದ್ರೆ?" ಎಂದು ಕೇಳಿದಳು.

"ಕರಗ್ಲಿಕ್ಕೆ ಬಿಡುದಿಲ್ಲ."

"ಹೇಗೆ?"

"ಅದು ನನಗೂ ಇನ್ನೂ ಸರಿ ಗೊತ್ತಿಲ್ಲ," ಅಂದಿತು ಗುಡ್ಡ.

ಸುಳ್ಳು ಹೇಳುವವರು ಇಂಥ ಉತ್ತರ ಕೊಡುವುದಿಲ್ಲ ಎಂದು ಸುಬ್ಬಿಗೆ ಅನ್ನಿಸಿತು. ಅವಳು ಬುಟ್ಟಿಯ ಎಲೆ ಸರಿಸಿ, ಒಂದು ಚಿಟಿಕೆ ಉಪ್ಪು ತೆಗೆದು, ಒರತೆಯ ಪಕ್ಕದಲ್ಲಿ ಹಾಕಿದಳು. ಗುಡ್ಡ ಅಂಜುತ್ತಾ ಕಾದು ಕೂತಿತು. ಇಷ್ಟು ಕಾಲ ಯಾವುದು ಮೈಮೇಲೆ ಬೀಳಬಾರದು ಎಂದು ಹೆದರಿತ್ತೋ ಅದನ್ನೇ ಅದು ಕೇಳಿ ಹಾಕಿಸಿಕೊಳ್ಳುತ್ತಿತ್ತು. ಬಿತ್ತು. ಏನೂ ಆಗಲಿಲ್ಲ.

ಒಂದು ಹೆಜ್ಜೆ, ಒಂದು ಚಿಟಿಕೆ. ಒಂದು ಹೆಜ್ಜೆ, ಒಂದು ಚಿಟಿಕೆ. ಹೀಗೆ ಸುಬ್ಬಿ ಆಚೆ ಇಳಿದಳು. ಪ್ರತಿ ಚಿಟಿಕೆಗೂ ಅವಳು ಹಿಂದೆ ತಿರುಗಿ ನೋಡುತ್ತಿದ್ದಳು. ಬುಡ ಮುಟ್ಟುವಾಗ ಮೊದಲ ಹನಿ ಬಿತ್ತು. ಎಲೆ ಮುಚ್ಚಿ, ಎದೆಗೆ ಬುಟ್ಟಿ ಅವಚಿಕೊಂಡು, ಓಡಿ ಬೊಮ್ಮಕ್ಕನ ಅಂಗಳ ಸೇರಿದಳು.

ಬೊಮ್ಮಕ್ಕ ಜಗಲಿಯಲ್ಲಿ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು. "ಬಂದೆಯಾ? ಇಷ್ಟು ದಿನ ಎಲ್ಲಿದ್ದೆ? ಬುಟ್ಟಿ ಯಾಕೆ ಅರ್ಧ ಉಂಟು? ಉಳಿದದ್ದು ಯಾರಿಗೆ ಕೊಟ್ಟೆ?"

ಸುಬ್ಬಿ ನಿಂತಲ್ಲೇ ಕುಸಿದು ಕೂತಳು. "ಅಕ್ಕ, ಮೊದಲು ಆಸರಿಗೆ ಕೊಡು. ಎಲ್ಲ ಹೇಳ್ತೇನೆ."

ಬೊಮ್ಮಕ್ಕನ ಮುಖ ಕೆಂಪಾಯಿತು. ಮನೆಗೆ ಬಂದವಳಿಗೆ ನೀರು ಕೊಡದೆ ಪ್ರಶ್ನೆ ಕೇಳಿದ್ದು ಅವಳ ಜನ್ಮದಲ್ಲೇ ಮೊದಲು. ಒಳಗೆ ಓಡಿ ಹೋಗಿ ತಂಬಿಗೆ ನೀರು, ದೊಡ್ಡ ತುಂಡು ಬೆಲ್ಲ ತಂದಳು. ಸುಬ್ಬಿ ಕುಡಿದಳು, ನಡೆದದ್ದನ್ನೆಲ್ಲ ಹೇಳಿದಳು. ಬೊಮ್ಮಕ್ಕ ಕೇಳಿ ಮುಗಿಸಿ, ಅರ್ಧ ಬುಟ್ಟಿ ಉಪ್ಪು ಇಳಿಸಿಕೊಂಡು, ಬುಟ್ಟಿ ತುಂಬಾ ಅಕ್ಕಿ ಹಾಕಿದಳು. "ಗುಡ್ಡಕ್ಕೆ ಹಾಕಿದ್ದು ನನ್ನ ಉಪ್ಪು ಅಂತ ಇಟ್ಕೋ," ಅಂದಳು. ಅವಳಿಗೂ ನಾಚಿಕೆಯಾಗಿತ್ತು, ಅಷ್ಟೇ.

ಮಾರನೆಯ ಬೆಳಿಗ್ಗೆ ಮಳೆ ಹೊಯ್ಯುತ್ತಲೇ ಇತ್ತು. ಗುಡ್ಡದ ಮೇಲೆ ಮಂಜು ಹೇಗೆ ಕವಿದಿತ್ತು ಅಂದರೆ ಸುಬ್ಬಿಗೆ ತನ್ನ ಕೈಯೇ ಕಾಣುತ್ತಿರಲಿಲ್ಲ. ಮಳೆ ತಡೆಯುವ ಎಲೆಯ ಗೊರಬೆ ಹೊದ್ದು, ಅಕ್ಕಿ ಹೊತ್ತು, ಬುಡದಲ್ಲಿ ನಿಂತಳು. ರಾತ್ರಿಯೆಲ್ಲ ಹೊಯ್ದ ಮಳೆಗೆ ಒಂದು ಹರಳು ಉಪ್ಪೂ ಉಳಿದಿರಲಾರದು. ಹಾಗೆಂದುಕೊಂಡೇ ಬಗ್ಗಿ ನೋಡಿದಳು.

ಕಾಲ ಹತ್ತಿರ ಒಂದು ಬಿಳಿ ಚುಕ್ಕೆ. ಅದರ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು.

ಸುಬ್ಬಿ ಒಂದರ ಮೇಲೆ ಬೆರಳು ಸವರಿ ನಾಲಿಗೆಗೆ ತಾಗಿಸಿದಳು. ಉಪ್ಪಿಲ್ಲ. ಗಟ್ಟಿ ಕಲ್ಲು. ಗುಡ್ಡ ಹೇಳಿದ ಮಾತಿನಂತೆ ಒಂದೊಂದು ಚಿಟಿಕೆಯನ್ನೂ ತನ್ನ ಮೈಗೆ ಅಂಟಿಸಿಕೊಂಡು, ರಾತ್ರಿಯಿಡೀ ಮುಷ್ಟಿ ಬಿಗಿಹಿಡಿದು, ಬೆಣಚುಕಲ್ಲು ಮಾಡಿಟ್ಟಿತ್ತು. ಅವಳು ಅತ್ತಳು. ಮಳೆಯಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದು ಧೈರ್ಯವಾಗಿಯೇ ಅತ್ತಳು. ಬಿಳಿ ಕಲ್ಲಿನಿಂದ ಬಿಳಿ ಕಲ್ಲಿಗೆ ಕಾಲಿಟ್ಟು, ಚೂಪು ಹಲ್ಲುಗಳ ನಡುವೆ ಸುತ್ತಿ ಬಳಸಿ, ನೆತ್ತಿಗೆ ಬಂದಳು. ಒರತೆಯಲ್ಲಿ ನೀರು ಕುಡಿದಳು. ಈಚೆಯ ಬದಿಯಲ್ಲಿ ಮೊದಲ ಎರಡು ದಿನ ಸೋರಿ ಚೆಲ್ಲಿದ ಉಪ್ಪು ಕೂಡ ಕಲ್ಲಾಗಿ ಹೊಳೆಯುತ್ತಿತ್ತು. ಅದನ್ನೇ ಹಿಡಿದು ಇಳಿದಳು. ಮಧ್ಯಾಹ್ನಕ್ಕೆ ಮಾಸ್ತಕ್ಕನ ಒಲೆಯಲ್ಲಿ ಗಂಜಿ ಕುದಿಯಿತು.

ಗಾಳಿಯ ಕತೆ ಏನಾಯಿತು ಅನ್ನುತ್ತೀಯಾ? ಮಳೆ ಬಿಟ್ಟ ದಿನ ಅದು ಮತ್ತೆ ಗುಡ್ಡಕ್ಕೆ ಬಂತು. "ಕೇಳಿದೆಯಾ, ಕಡಲು ಎಂತ ಹೇಳ್ತು ಅಂದ್ರೆ," ಎಂದು ಶುರು ಮಾಡಿತು.

"ಮೊದಲು ನೀರು ಕುಡಿ," ಅಂದಿತು ಗುಡ್ಡ. ಗಾಳಿ ಬಾಯಿ ತುಂಬಾ ತುಂಬಿಸಿಕೊಂಡಿತು. ಬಾಯಿ ತುಂಬಾ ನೀರಿದ್ದರೆ ಚಾಡಿ ಹೇಳುವುದು ಹೇಗೆ? ಹಾಗಾಗಿ ಗುಡ್ಡದ ಮೇಲಿನ ಗಾಳಿ ಇವತ್ತಿಗೂ ತಂಪಾಗಿ, ಒದ್ದೆಯಾಗಿ, ಮಾತಿಲ್ಲದೆ ಬೀಸುತ್ತದೆ.

ಗುಡ್ಡಕ್ಕೆ ಅನುಮಾನದ ಚಟ ಪೂರ್ತಿ ಹೋಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಯಾರಾದರೂ ಹತ್ತುವಾಗ ಅದು ತನ್ನ ಕಲ್ಲುಗಳ ಸಂದಿಯಿಂದ ಇಣುಕಿ ನೋಡುತ್ತದೆ. ಆದರೆ ಕೇಳುವುದು ಮಾತ್ರ ನೀರು ಕೊಟ್ಟ ಮೇಲೆ.

ಚೀಲ ಹೊತ್ತು ಹತ್ತುವವರನ್ನು ನಾನು ಒಂದು ಸಲ ನಿಲ್ಲಿಸಿ ಕೇಳಿದ್ದೆ, ಮೇಲೆ ಅಂಥದ್ದು ಏನಿದೆ ಎಂದು. ಒಬ್ಬಳು ನಗುತ್ತಾ ಹೇಳಿದಳು, ಕಡಲಿನ ಇಷ್ಟು ಹತ್ತಿರ, ಇಷ್ಟು ಒರಟು ಕಲ್ಲಿನ ನಡುವೆ, ಇಂಥ ಸಿಹಿನೀರು ಬೇರೆಲ್ಲೂ ಇಲ್ಲ ಅಜ್ಜಿ, ಅದನ್ನು ಕುಡಿಯಲಿಕ್ಕೇ ಹತ್ತುತ್ತೇವೆ ಎಂದು. ಹೇಳಿ, ತನ್ನ ಬಾಟಲಿಯಿಂದ ನನಗೂ ಒಂದು ಗುಟುಕು ಕೊಟ್ಟಳು. ಆಮೇಲೆಯೇ ನನ್ನ ಹೆಸರು ಕೇಳಿದಳು. ಅಂದಿನಿಂದ ನನಗೆ ಅವರ ಮೇಲೆ ಅನುಮಾನವಿಲ್ಲ.

ನಾಳೆ ನಾವೂ ಹತ್ತೋಣ. ದಾರಿ ತಪ್ಪೀತು ಎಂಬ ಹೆದರಿಕೆ ಬೇಡ ಪುಟ್ಟಿ, ಹಣಿಗೆಗುಡ್ಡದ ಚೂಪು ಹಲ್ಲುಗಳ ನಡುವೆ ಕೆಳಗಿನಿಂದ ನೆತ್ತಿಯವರೆಗೆ ಎಷ್ಟು ಮಳೆಗೂ ಕರಗದೆ ನಿನಗೆ ಕಾಣುವ ಆ ಬಿಳಿ ಬೆಣಚುಕಲ್ಲಿನ ಸಾಲು, ಅಂದು ಸುಬ್ಬಿ ಹಿಂದೆ ತಿರುಗಿ ತಿರುಗಿ ನೋಡುತ್ತಲೇ ಗುಡ್ಡವನ್ನು ನಂಬಿ ಹಾಕಿ ಹೋದ ಉಪ್ಪು.